ಕೆಲಸದ ಹಿಂದೆ ಬಂದ ಮಾತು, ಕೆಲಸಕ್ಕೆ ಮುಂಚೆ ಬಂದ ಮಾತು

ಕ್ರಿ.ಪೂ. 41ರ ಚಳಿಗಾಲದಲ್ಲಿ ಆಕ್ಟೇವಿಯನ್‌ನ ಸೈನ್ಯ ಇಟಲಿಯ ಪೆರೂಸಿಯಾ ಪಟ್ಟಣವನ್ನು ಮುತ್ತಿತು. ಕೋಟೆಯೊಳಗಿದ್ದವನು ಮಾರ್ಕ್ ಆಂಟನಿಯ ತಮ್ಮ ಲೂಸಿಯಸ್. ಎರಡೂ ಕಡೆಯ ಕವಣೆಗಾರರು ಆಗ ಎಸೆದ ಸೀಸದ ಗುಂಡುಗಳು ಆ ನೆಲದಲ್ಲಿ ಈಚಿನವರಿಗೆ ಸಿಕ್ಕಿವೆ. ಅವುಗಳ ಮೇಲೆ ಬರಹವಿದೆ. ಕೆಲವುಗಳ ಮೇಲೆ ಲೀಜನ್ ಎಂಬ ಸೇನಾದಳದ ಸಂಖ್ಯೆ, ಕೆಲವುಗಳ ಮೇಲೆ ಸಿಡಿಲಿನ ಚಿತ್ರ. ಇನ್ನು ಕೆಲವು ಲೂಸಿಯಸ್‌ನ ಬೋಳುತಲೆಯನ್ನು ಹಂಗಿಸುತ್ತವೆ. ಆಂಟನಿಯ ಹೆಂಡತಿ ಫುಲ್ವಿಯಾಳನ್ನೂ ಆಕ್ಟೇವಿಯನ್‌ನನ್ನೂ ಇಲ್ಲಿ ಬರೆಯಲಾಗದ ಮಾತುಗಳಲ್ಲಿ ಬೈಯುತ್ತವೆ. ರೋಮನ್ ಸಿಪಾಯಿ ಕದನದ ನಡುವೆ ಬಳಸಿದ ಲ್ಯಾಟಿನ್ ಇದು. ಇಂದು ಹತ್ತಾರು ದೇಶಗಳ ಸೇನೆಗಳ ಟೋಪಿ, ಬಾವುಟ, ಬಿಲ್ಲೆಗಳ ಮೇಲೆ ಕಾಣುವ ಗಂಭೀರ ಲ್ಯಾಟಿನ್ ವಾಕ್ಯಗಳಲ್ಲಿ ಹೆಚ್ಚಿನವನ್ನು ಆ ಸಿಪಾಯಿ ಕೇಳಿಯೇ ಇರಲಿಲ್ಲ. ಅವು ರೋಮ್ ಅಳಿದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಹುಟ್ಟಿದವು.

ರೋಮನ್ ಲೀಜನ್ನುಗಳಿಗೆ ಧ್ಯೇಯವಾಕ್ಯವೆಂಬುದು ಇರಲಿಲ್ಲ. ಇದ್ದದ್ದು ಬಿರುದು. ಮೈಸೂರಿನ ಅರಸರು ‘ಬಿರುದೆಂತೆಂಬರ ಗಂಡ’ ಎನಿಸಿಕೊಂಡ ಹಾಗೆ ಆರನೆಯ ಲೀಜನ್ ‘ಫೆರ್ರಾಟಾ’ ಎನಿಸಿಕೊಂಡಿತು, ಕಬ್ಬಿಣ ತೊಟ್ಟದ್ದು ಎಂದು. ಹನ್ನೆರಡನೆಯದು ‘ಫುಲ್ಮಿನಾಟಾ’, ಸಿಡಿಲು ಹೊತ್ತದ್ದು. ಬಿರುದುಗಳಲ್ಲೆಲ್ಲ ನನಗೆ ಮುಖ್ಯವಾಗಿ ಕಾಣುವುದು ಕ್ರಿ.ಶ. 42ರದು. ಡಾಲ್ಮೇಷಿಯಾದ ರಾಜ್ಯಪಾಲ ಸ್ಕ್ರಿಬೋನಿಯಾನಸ್ ಚಕ್ರವರ್ತಿ ಕ್ಲಾಡಿಯಸ್ ವಿರುದ್ಧ ದಂಗೆ ಎದ್ದ. ಅವನ ಕೈಕೆಳಗಿದ್ದ ಏಳನೆಯ ಮತ್ತು ಹನ್ನೊಂದನೆಯ ಲೀಜನ್ನುಗಳು ಕೆಲವೇ ದಿನಗಳಲ್ಲಿ ಅವನ ಕೈಬಿಟ್ಟವು. ಎರಡಕ್ಕೂ ‘ಕ್ಲಾಡಿಯಾ ಪಿಯಾ ಫಿಡೆಲಿಸ್’ ಎಂಬ ಬಿರುದು ದೊರೆಯಿತು: ಕ್ಲಾಡಿಯಸ್‌ನ ಭಕ್ತ, ನಿಷ್ಠ ಪಡೆ. ಇಲ್ಲಿ ನಿಷ್ಠೆಯ ಬಿರುದು ಬಂದದ್ದು ಕಣ್ಣೆದುರಿನ ಸೇನಾಪತಿಯ ಮಾತನ್ನು ಮೀರಿದ್ದಕ್ಕೆ. ‘ಫಿಡೆಲಿಸ್’ ಎಂಬ ಈ ಪದ ಮುಂದೆ ಬಹು ದೂರ ಸಾಗಲಿದೆ.

ಧ್ಯೇಯವಾಕ್ಯಕ್ಕೆ ಹತ್ತಿರದ ಇನ್ನೊಂದು ವಸ್ತು ರೋಮನ್ನರ ಕಾವಲುಮಾತು. ರಾತ್ರಿ ಪಹರೆಯಲ್ಲಿ, ಕದನದ ಗೊಂದಲದಲ್ಲಿ ನಮ್ಮವರು ಯಾರೆಂದು ಗುರುತಿಸಲು ದಿನಕ್ಕೊಂದು ಪದ ಬದಲಾಗುತ್ತಿತ್ತು. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಯುದ್ಧಶಾಸ್ತ್ರ ಬರೆದ ವೆಜಿಟಿಯಸ್ ಇಂಥ ಪದಗಳ ಮಾದರಿ ಕೊಡುತ್ತಾನೆ. ವಿಜಯ, ಶೌರ್ಯ, ದೇವರು ನಮ್ಮೊಡನೆ ಎಂಬಂಥವು. ಅವನ ಪುಸ್ತಕದ ಮೂರನೆಯ ಭಾಗದಲ್ಲಿ, ಶಾಂತಿ ಬಯಸುವವನು ಯುದ್ಧಕ್ಕೆ ಅಣಿಯಾಗಿರಲಿ ಎಂಬ ಸಲಹೆಯೂ ಇದೆ. ಅದೇ ಸಲಹೆಯನ್ನು ಯಾರೋ ಕಡೆದು, ನಯಮಾಡಿ ‘ಸಿ ವಿಸ್ ಪಾಕೆಮ್, ಪಾರಾ ಬೆಲ್ಲುಮ್’ ಎಂದು ಮಾಡಿದರು. ಬ್ರಿಟಿಷ್ ನೌಕಾಪಡೆಯ ಧ್ಯೇಯವಾಕ್ಯ ಇದು. ಜರ್ಮನಿಯ ಶಸ್ತ್ರ ತಯಾರಿಕಾ ಕಂಪನಿಯೊಂದು ಇದರ ಕೊನೆಯ ಎರಡು ಪದಗಳನ್ನು ಕೂಡಿಸಿ ‘ಪ್ಯಾರಾಬೆಲಮ್’ ಎಂದು ತನ್ನ ತಂತಿ ವಿಳಾಸ ಮಾಡಿಕೊಂಡಿತು. ಅಲ್ಲಿಂದ ಲೂಗರ್ ಪಿಸ್ತೂಲಿಗೂ 1902ರ 9 ಮಿಲಿಮೀಟರ್ ತೋಟಾಕ್ಕೂ ಅದೇ ಹೆಸರು ಬಂತು. ಶಾಂತಿಯ ಮಾತಿನಲ್ಲಿ ಶಾಂತಿ ಉದುರಿಹೋಗಿ ಯುದ್ಧಸಿದ್ಧತೆಯಷ್ಟೇ ಉಳಿದ ಕಥೆ ಇದು. ಆ ತೋಟಾ ಇಂದಿಗೂ ಜಗತ್ತಿನ ಎಲ್ಲ ಮೂಲೆಗಳಲ್ಲಿ ಬಳಕೆಯಲ್ಲಿದೆ.

ರೋಮನ್ನರಿಂದ ನೇರವಾಗಿ ಬರಲಿಲ್ಲವೆಂದ ಮೇಲೆ ಈ ವಾಕ್ಯಗಳು ಬಂದದ್ದೆಲ್ಲಿಂದ? ಮಧ್ಯಯುಗದ ಯುರೋಪಿನ ಶ್ರೀಮಂತ ಮನೆತನಗಳ ಗುರಾಣಿಗಳಿಂದ. ಲಾಂಛನದ ಕೆಳಗೊಂದು ಪಟ್ಟಿ, ಪಟ್ಟಿಯ ಮೇಲೊಂದು ವಾಕ್ಯ ಎಂಬ ರೂಢಿ ಮೊದಲು ಮನೆತನಗಳದ್ದು, ಆಮೇಲೆ ವೀರಸಂಘಗಳದ್ದು, ರೆಜಿಮೆಂಟುಗಳದ್ದು ಕೊನೆಗೆ. ಸ್ಕಾಟ್ಲೆಂಡಿನ ಥಿಸಲ್ ವೀರಸಂಘದ ‘ನೆಮೋ ಮಿ ಇಂಪೂನೆ ಲಾಸೆಸಿಟ್’, ನನ್ನನ್ನು ಕೆಣಕಿದವನು ಶಿಕ್ಷೆಯಿಲ್ಲದೆ ಹೋಗಲಾರ ಎಂಬ ಮಾತು, ಬ್ಲ್ಯಾಕ್ ವಾಚ್ ಮುಂತಾದ ಸ್ಕಾಟ್ ಪಡೆಗಳಿಗೆ ಬಂದದ್ದು ಈ ದಾರಿಯಲ್ಲೇ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ತನ್ನ ಫಿರಂಗಿಗಳ ಮೇಲೆ ‘ಉಲ್ಟಿಮಾ ರಾಷಿಯೋ ರೇಗುಮ್’ ಎಂದು ಎರಕ ಹೊಯ್ಯಿಸಿದ. ಅರಸರ ಕೊನೆಯ ವಾದ ಎಂದರ್ಥ. ಪ್ರಷ್ಯಾದ ಫ್ರೆಡರಿಕ್ ಅದನ್ನು ಏಕವಚನಕ್ಕೆ ತಿರುಗಿಸಿ ತನ್ನ ಫಿರಂಗಿಗಳ ಮೇಲೂ ಹಾಕಿಸಿದ. ಈ ವಾಕ್ಯಗಳಲ್ಲಿ ಮಾತಾಡುವವನು ದೊರೆ. ಫಿರಂಗಿಗೆ ಮದ್ದು ತುಂಬುವವನ ಸುದ್ದಿ ಅಲ್ಲಿಲ್ಲ.

ಆ ಸುದ್ದಿ ಬಂದದ್ದು ರೆಜಿಮೆಂಟುಗಳು ತಮ್ಮದೇ ಚರಿತ್ರೆ ಕಟ್ಟಿಕೊಂಡಾಗ. ಬ್ರಿಟನ್ನಿನ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ಪಡೆಯನ್ನು 1650ರಲ್ಲಿ ಜಾರ್ಜ್ ಮಂಕ್ ಕಟ್ಟಿದ್ದು ಕ್ರಾಮ್‌ವೆಲ್‌ನ ಗಣರಾಜ್ಯಕ್ಕಾಗಿ. ಅರಸೊತ್ತಿಗೆ ಮರಳಿದ ಮೇಲೆ, 1661ರ ಫೆಬ್ರುವರಿ 14ರಂದು, ಲಂಡನ್ನಿನ ಟವರ್ ಹಿಲ್‌ನಲ್ಲಿ ಆ ಸೈನಿಕರು ಗಣರಾಜ್ಯದ ಸೈನಿಕರಾಗಿ ಆಯುಧ ಕೆಳಗಿಟ್ಟು, ಅರಸನ ಸೈನಿಕರಾಗಿ ಅವನ್ನೇ ಮತ್ತೆ ಎತ್ತಿಕೊಂಡರು. ವಯಸ್ಸಿನಲ್ಲಿ ಹಿರಿದಾದರೂ ಅರಸನ ಸೇವೆಗೆ ತಡವಾಗಿ ಬಂದದ್ದರಿಂದ ಗ್ರೆನೇಡಿಯರ್ ಗಾರ್ಡ್ಸ್ ನಂತರದ ಸ್ಥಾನ ಸಿಕ್ಕಿತು. ಅವರ ಧ್ಯೇಯವಾಕ್ಯ ‘ನುಲ್ಲಿ ಸೆಕುಂಡಸ್’, ಯಾರಿಗೂ ಎರಡನೆಯವರಲ್ಲ. ಗಾರ್ಡ್ಸ್ ಪಡೆಗಳು ಸಾಲಾಗಿ ನಿಲ್ಲುವಾಗ ಕೋಲ್ಡ್‌ಸ್ಟ್ರೀಮ್ ಇಂದಿಗೂ ನಿಲ್ಲುವುದು ಎಡತುದಿಯಲ್ಲಿ; ಎರಡನೆಯ ಜಾಗದಲ್ಲಿ ನಿಲ್ಲುವುದಿಲ್ಲ.

ಜಿಬ್ರಾಲ್ಟರಿನ ಕಥೆ ಇದಕ್ಕಿಂತ ಗಟ್ಟಿ. 1779ರಿಂದ 1783ರವರೆಗೆ, ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ, ಸ್ಪೇನ್ ಮತ್ತು ಫ್ರಾನ್ಸ್ ಸೇರಿ ಆ ಬಂಡೆಯನ್ನು ಮುತ್ತಿದವು. ಹಸಿವು, ಸ್ಕರ್ವಿ ರೋಗ, ತೇಲುವ ಫಿರಂಗಿ ದೋಣಿಗಳು, ಎಲ್ಲವನ್ನೂ ತಡೆದು ನಿಂತ ರೆಜಿಮೆಂಟುಗಳಿಗೆ ಕೋಟೆ ಮತ್ತು ಬೀಗದಕೈಯ ಚಿತ್ರವೂ ‘ಮೊಂಟಿಸ್ ಇನ್ಸಿಗ್ನಿಯಾ ಕ್ಯಾಲ್ಪೆ’ ಎಂಬ ಮಾತೂ ದೊರೆತವು. ಕ್ಯಾಲ್ಪೆ ಎಂಬುದು ಬಂಡೆಯ ಪ್ರಾಚೀನ ಹೆಸರು. ಕ್ಯಾಲ್ಪೆ ಬೆಟ್ಟದ ಲಾಂಛನ, ಅಷ್ಟೇ ಅರ್ಥ. ಶೌರ್ಯ, ಕೀರ್ತಿ, ನಿಷ್ಠೆ ಯಾವುದೂ ಅದರಲ್ಲಿಲ್ಲ. ಒಂದು ಜಾಗದ ಹೆಸರನ್ನು ಹೇಳಿ ಸುಮ್ಮನಾಗುತ್ತದೆ. ನಾನು ಕಂಡ ಧ್ಯೇಯವಾಕ್ಯಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಇದೇ.

ಈ ಮಾತನ್ನು ಧರಿಸಿದ ಸಫೋಕ್, ಎಸೆಕ್ಸ್, ಡಾರ್ಸೆಟ್ ರೆಜಿಮೆಂಟುಗಳಲ್ಲಿ ಕೊನೆಯದಕ್ಕೆ ಇನ್ನೊಂದು ವಾಕ್ಯವೂ ಇತ್ತು: ‘ಪ್ರೈಮಸ್ ಇನ್ ಇಂಡಿಸ್’, ಇಂಡಿಯಾದಲ್ಲಿ ಮೊದಲಿಗರು. 1754ರಲ್ಲಿ ಮದ್ರಾಸಿಗೆ ಬಂದಿಳಿದ 39ನೇ ಕಾಲ್ದಳ ಭಾರತದಲ್ಲಿ ಸೇವೆ ಸಲ್ಲಿಸಿದ ಬ್ರಿಟಿಷ್ ಅರಸನ ಮೊದಲ ರೆಜಿಮೆಂಟು. 1757ರಲ್ಲಿ ಪ್ಲಾಸಿಯಲ್ಲೂ ಅದರ ತುಕಡಿಯಿತ್ತು. ಅವರಿಗದು ಹೆಮ್ಮೆಯ ಮೂರು ಪದ. ಅದನ್ನು ಓದುವ ಭಾರತೀಯನಿಗೆ ಅದೊಂದು ದಸ್ತಾವೇಜು: ಯಾರು, ಎಲ್ಲಿ, ಯಾವ ಸಾಲಿನಲ್ಲಿ ಮುಂದೆ ಬಂದರೆಂಬ ದಾಖಲೆ.

ಕನ್ನಡ ನೆಲಕ್ಕೆ ನೇರವಾಗಿ ತಾಗುವುದು 33ನೇ ಕಾಲ್ದಳದ ವಾಕ್ಯ. ಆರ್ಥರ್ ವೆಲ್ಲೆಸ್ಲಿ ಕೈಕೆಳಗೆ ಅದು 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂತು. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನ ಕತ್ತಲಲ್ಲಿ ವೆಲ್ಲೆಸ್ಲಿ ನಡೆಸಿದ ದಾಳಿ ಪೂರ್ತಿ ವಿಫಲವಾಗಿ, ಅವನ ಸೈನಿಕರಲ್ಲಿ ಕೆಲವರು ಸತ್ತರು, ಕೆಲವರು ಸೆರೆಸಿಕ್ಕರು. ಮರುದಿನ ಬೆಳಕಿನಲ್ಲಿ ತೋಪು ಕೈವಶವಾಯಿತು. ಮೇ 4ರಂದು ಕೋಟೆ ಬಿತ್ತು. ಮುಂದೆ ವೆಲಿಂಗ್‌ಟನ್ ಡ್ಯೂಕ್ ಆದ ಅವನು ತೀರಿಕೊಂಡ ಮರುವರ್ಷ, 1853ರಲ್ಲಿ, ಆ ರೆಜಿಮೆಂಟಿಗೆ ಅವನ ಹೆಸರಿಟ್ಟರು; ಅವನ ಮನೆತನದ ‘ವಿರ್ಟೂಟಿಸ್ ಫಾರ್ಚೂನಾ ಕೋಮೆಸ್’, ಅದೃಷ್ಟವು ಪರಾಕ್ರಮದ ಸಂಗಾತಿ ಎಂಬ ವಾಕ್ಯವೂ ಅವರದಾಯಿತು. ತೋಪಿನ ಆ ರಾತ್ರಿಯನ್ನು ನೆನೆದರೆ ಮಾತು ತಿರುಗುಮುರುಗಾಗಿ ಕೇಳಿಸುತ್ತದೆ. ಅಲ್ಲಿ ಪರಾಕ್ರಮ ಎರಡೂ ಕಡೆ ಇತ್ತು. ಅದೃಷ್ಟ ಒಂದು ಕಡೆಗೆ ಆಮೇಲೆ ಬಂತು.

ಶ್ರೀರಂಗಪಟ್ಟಣದ ಗೆಲುವಿಗೆ ಈಸ್ಟ್ ಇಂಡಿಯಾ ಕಂಪನಿ ಹೊರಡಿಸಿದ ಪದಕದಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿದೆ. ಕಂಪನಿಯದೇ ಲಾಂಛನದಲ್ಲಿ ಲ್ಯಾಟಿನ್ ವಾಕ್ಯವಿತ್ತು; ಇಂಗ್ಲೆಂಡಿನ ಅರಸ ಮತ್ತು ಸಂಸತ್ತಿನ ಆಶ್ರಯದಲ್ಲಿ ಎಂದು ಅದರ ಅರ್ಥ. ಆದರೆ ಪದಕದ ಸಿಂಹದ ಬಾವುಟದ ಮೇಲೆ ಬರೆದದ್ದು ಅರಬ್ಬಿಯಲ್ಲಿ: ‘ಅಸದುಲ್ಲಾಹ್ ಅಲ್ ಗಾಲಿಬ್’, ದೇವರ ಸಿಂಹವೇ ವಿಜಯಿ. ಟಿಪ್ಪುವಿನ ಬಾವುಟ, ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಹೆಣೆದು ಬರೆಸಿದ್ದ ಮಾತು ಅದು. ಗೆದ್ದವರು ಕೋಟೆಯನ್ನೂ ಖಜಾನೆಯನ್ನೂ ತೆಗೆದುಕೊಂಡದ್ದು ಸಾಲದೆ ಸೋತವನ ಧ್ಯೇಯವಾಕ್ಯವನ್ನೂ ಎತ್ತಿಕೊಂಡರು.

ಇವೆಲ್ಲಕ್ಕಿಂತ ಹೆಚ್ಚು ಪ್ರಯಾಣ ಮಾಡಿದ ಪದ ‘ಉಬೀಕ್ವೆ’. ಎಲ್ಲೆಡೆ ಎಂದರ್ಥ. ಬ್ರಿಟಿಷ್ ರೆಜಿಮೆಂಟುಗಳು ತಾವು ಹೋರಾಡಿದ ಕದನಗಳ ಹೆಸರನ್ನು ಬಾವುಟದ ಮೇಲೆ ಕಸೂತಿ ಹಾಕಿಸಿಕೊಳ್ಳುತ್ತಿದ್ದವು. ಫಿರಂಗಿ ದಳಕ್ಕೆ ಬಾವುಟವಿಲ್ಲ. ಫಿರಂಗಿಯೇ ಅದರ ಬಾವುಟ. ಅದೂ ಅಲ್ಲದೆ ಫಿರಂಗಿಯಿಲ್ಲದ ಕದನವೇ ಇಲ್ಲದಿರುವಾಗ ಯಾವ ಹೆಸರು ಬರೆಯುವುದು, ಯಾವುದನ್ನು ಬಿಡುವುದು? 1832ರಲ್ಲಿ ಅರಸ ನಾಲ್ಕನೆಯ ವಿಲಿಯಂ ಎಲ್ಲ ಕದನಗಳ ಬದಲಿಗೆ ಈ ಒಂದೇ ಪದ ಕೊಟ್ಟ. ಸೇತುವೆ ಕಟ್ಟುವ, ಸುರಂಗ ತೋಡುವ ಎಂಜಿನಿಯರ್ ದಳಕ್ಕೂ ಅದೇ ಪದ ಸಂದಿತು. ಕೆಲಸ ಮುಗಿದಿತ್ತು, ಲೆಕ್ಕ ಚುಕ್ತಾ ಮಾಡಲು ಮಾತು ಬಂತು. ಫ್ರಾನ್ಸಿಗಾಗಿ ನೂರು ವರ್ಷ ಹೋರಾಡಿದ ಐರಿಷ್ ಬ್ರಿಗೇಡಿಗೂ 1792ರಲ್ಲಿ, ಬೀಳ್ಕೊಡುಗೆಯ ಬಾವುಟದ ಮೇಲೆ, ಎಂದೆಂದೂ ಎಲ್ಲೆಲ್ಲೂ ನಿಷ್ಠರು ಎಂಬ ಲ್ಯಾಟಿನ್ ಮಾತು ಹೀಗೆಯೇ ಬಂದಿತ್ತು.

ಲ್ಯಾಟಿನ್ನೇ ಏಕೆ ಎಂಬುದಕ್ಕೆ ಮೊದಲ ಉತ್ತರ ಶಾಲೆಯಲ್ಲಿದೆ. ಬ್ರಿಟಿಷ್ ಅಧಿಕಾರಿಗಳು ಓದಿದ ಶಾಲೆಗಳಲ್ಲಿ ಲ್ಯಾಟಿನ್ ಕಡ್ಡಾಯ. ಸಿಪಾಯಿ ಓದಿದ ಶಾಲೆಯಲ್ಲಿ, ಓದಿದ್ದರೆ, ಅದಿರಲಿಲ್ಲ. ಆದ್ದರಿಂದ ಟೋಪಿಯ ಮೇಲಿನ ವಾಕ್ಯವನ್ನು ಬಹುಕಾಲ ಅರ್ಥ ಮಾಡಿಕೊಂಡವರು ಕೆಲವರು, ಅದರ ಕೆಳಗೆ ಸತ್ತವರು ಹಲವರು. ಈ ಅಂತರವನ್ನು ಮರೆತು ಈ ವಾಕ್ಯಗಳ ಸೊಬಗನ್ನಷ್ಟೇ ಕೊಂಡಾಡುವ ಬರಹಗಳನ್ನು ನಾನು ಒಪ್ಪಲಾರೆ. ಎರಡನೆಯ ಕಾರಣ ಹೆಚ್ಚು ಗೌರವದ್ದು. ಲ್ಯಾಟಿನ್ ಇಂದು ಯಾರ ಮನೆಮಾತೂ ಅಲ್ಲ. ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಇರುವ ಕೆನಡಾದ ಸೇನೆಗೆ ಅದು ಒಬ್ಬರ ಪಕ್ಷ ಹಿಡಿಯದ ನುಡಿ. ಹತ್ತಾರು ದೇಶಗಳವರು ಸೇರುವ ಫ್ರಾನ್ಸಿನ ವಿದೇಶಿ ಲೀಜನ್ ‘ಲೀಜಿಯೋ ಪಾಟ್ರಿಯಾ ನೋಸ್ಟ್ರಾ’ ಎನ್ನುತ್ತದೆ, ಲೀಜನ್ನೇ ನಮ್ಮ ತಾಯ್ನಾಡು. ತಾಯ್ನಾಡು ಬಿಟ್ಟು ಬಂದವರು ಅದನ್ನು ಯಾರದೂ ಅಲ್ಲದ ಭಾಷೆಯಲ್ಲಿ ಹೇಳುವುದು ಸರಿಯಾಗಿಯೇ ಇದೆ.

ಅಂತರವನ್ನು ಸಿಪಾಯಿಗಳೇ ದಾಟಿದ ಉದಾಹರಣೆ ಅಮೆರಿಕದ ಮರೀನ್ ದಳದ್ದು. 1883ರಲ್ಲಿ ಕಮಾಂಡೆಂಟ್ ಚಾರ್ಲ್ಸ್ ಮೆಕಾಲಿ ‘ಸೆಂಪರ್ ಫಿಡೆಲಿಸ್’ ಎಂಬುದನ್ನು ದಳದ ಧ್ಯೇಯವಾಕ್ಯ ಮಾಡಿದ. 1888ರಲ್ಲಿ ಜಾನ್ ಫಿಲಿಪ್ ಸೂಸಾ ಅದೇ ಹೆಸರಿನ ನಡೆಗೀತ ರಚಿಸಿದ. ಆ ವಾಕ್ಯ ಹೊಸದೇನಲ್ಲ, ಇಂಗ್ಲೆಂಡಿನ ಎಕ್ಸೆಟರ್ ನಗರವೂ ಡೆವನ್‌ಷೈರ್ ರೆಜಿಮೆಂಟೂ ಅದನ್ನೇ ಹೊಂದಿದ್ದವು. ಆದರೆ ಮರೀನ್ ಸಿಪಾಯಿಗಳ ಬಾಯಲ್ಲಿ ಅದು ‘ಸೆಂಪರ್ ಫೈ’ ಎಂದು ಮೊಟಕಾಗಿ ನಮಸ್ಕಾರವಾಯಿತು, ಬೀಳ್ಕೊಡುಗೆಯಾಯಿತು, ನಿವೃತ್ತರು ಬೀದಿಯಲ್ಲಿ ಒಬ್ಬರನ್ನೊಬ್ಬರು ಗುರುತಿಸುವ ಗುಟ್ಟಾಯಿತು. ಪುಸ್ತಕದ ಲ್ಯಾಟಿನ್ ಬಾಯಿಮಾತಾದದ್ದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಇಲ್ಲ.

ಎಂದೆಂದೂ ನಿಷ್ಠ, ಸರಿ. ಯಾರಿಗೆ? ವಾಕ್ಯ ಹೇಳುವುದಿಲ್ಲ. ಮರೀನರು ಅದನ್ನು ದೇಶಕ್ಕೆ, ದಳಕ್ಕೆ, ಪಕ್ಕದಲ್ಲಿರುವ ಜೊತೆಗಾರನಿಗೆ ಎಂದು ತುಂಬಿಕೊಳ್ಳುತ್ತಾರೆ. ಜರ್ಮನಿಯ ಎಸ್‌ಎಸ್ ಪಡೆಯ ಬೆಲ್ಟಿನ ಮೇಲೆ ನಿಷ್ಠೆಯೇ ನನ್ನ ಗೌರವ ಎಂಬರ್ಥದ ಜರ್ಮನ್ ವಾಕ್ಯವಿತ್ತು. ಅಲ್ಲಿ ಖಾಲಿ ಜಾಗವನ್ನು ಒಬ್ಬನೇ ಮನುಷ್ಯ ತುಂಬಿದ. ಸಂವಿಧಾನಕ್ಕೆ ಪ್ರತಿಜ್ಞೆ ಮಾಡುವ ಸೇನೆಗೂ ವ್ಯಕ್ತಿಗೆ ಪ್ರತಿಜ್ಞೆ ಮಾಡುವ ಸೇನೆಗೂ ಇರುವ ವ್ಯತ್ಯಾಸ ಬಿಲ್ಲೆಯ ಮೇಲೆ ಕಾಣುವುದಿಲ್ಲ.

ಇಪ್ಪತ್ತನೆಯ ಶತಮಾನ ಈ ಪದ್ಧತಿಯನ್ನೇ ತಲೆಕೆಳಗು ಮಾಡಿತು. 1912ರಲ್ಲಿ ಬ್ರಿಟನ್ನಿನಲ್ಲಿ ರಾಯಲ್ ಫ್ಲೈಯಿಂಗ್ ಕೋರ್ ಹುಟ್ಟಿದಾಗ ಅದರ ಸೇನಾ ವಿಭಾಗದ ಮುಖ್ಯಸ್ಥ ಫ್ರೆಡರಿಕ್ ಸೈಕ್ಸ್ ಒಂದು ಧ್ಯೇಯವಾಕ್ಯ ಸೂಚಿಸಿರೆಂದು ಅಧಿಕಾರಿಗಳನ್ನು ಕೇಳಿದ. ಯೂಲ್ ಎಂಬ ಕಿರಿಯ ಅಧಿಕಾರಿ ರೈಡರ್ ಹ್ಯಾಗರ್ಡ್‌ನ ಸಾಹಸ ಕಾದಂಬರಿಯಲ್ಲಿ ಓದಿದ್ದ ‘ಪರ್ ಆರ್ಡುವಾ ಆಡ್ ಆಸ್ಟ್ರಾ’ ಎಂಬುದನ್ನು ಹೇಳಿದ. ಕಷ್ಟಗಳ ಮೂಲಕ ನಕ್ಷತ್ರಗಳಿಗೆ. ಐರ್ಲೆಂಡಿನ ಮಲ್ವಾನಿ ಮನೆತನದಲ್ಲೂ ಅದೇ ವಾಕ್ಯವಿತ್ತು. 1913ರಲ್ಲಿ ಐದನೆಯ ಜಾರ್ಜ್ ಒಪ್ಪಿಗೆ ಕೊಟ್ಟ. ಆಗ ವಿಮಾನಯುದ್ಧವೆಂಬುದು ಬ್ರಿಟನ್ನಿಗೆ ಅನುಭವಕ್ಕೇ ಬಂದಿರಲಿಲ್ಲ. ಮುಂದಿನ ವರ್ಷ ಮಹಾಯುದ್ಧ ಆರಂಭವಾಗಿ, ಇಪ್ಪತ್ತು ದಾಟದ ಹುಡುಗರು ಬಟ್ಟೆ, ಕಟ್ಟಿಗೆಯ ವಿಮಾನಗಳಲ್ಲಿ ಉರಿದು ಬಿದ್ದಾಗ ಆ ‘ಆರ್ಡುವಾ’ಕ್ಕೆ ಅರ್ಥ ಬಂತು. ಮೊದಲು ಮಾತು, ಆಮೇಲೆ ಬೆಲೆ. 1936ರಿಂದ ಸ್ಕ್ವಾಡ್ರನ್‌ಗೊಂದು ಲಾಂಛನ, ಲಾಂಛನಕ್ಕೊಂದು ವಾಕ್ಯ ಕೊಡುವ ಅಧಿಕೃತ ವ್ಯವಸ್ಥೆಯೇ ಬಂದ ಮೇಲೆ ಬಹಳ ಲ್ಯಾಟಿನ್ ಹುಟ್ಟಿತು. ಅವುಗಳಲ್ಲಿ 139ನೇ ಸ್ಕ್ವಾಡ್ರನ್ನಿನ ‘ಸಿ ಪ್ಲಾಸೆಟ್ ನೆಕಾಮುಸ್’ ನನ್ನನ್ನು ಕಾಡುತ್ತದೆ. ನಮಗೆ ಬೇಕೆನಿಸಿದರೆ ಕೊಲ್ಲುತ್ತೇವೆ ಎಂಬುದು ಅದರ ನೇರ ಅರ್ಥ. ತಾಯ್ನುಡಿಯಲ್ಲಿ ಯಾವ ಸೇನೆಯೂ ಬರೆದುಕೊಳ್ಳಲು ಹಿಂಜರಿಯುವ ಮಾತಿದು. ಲ್ಯಾಟಿನ್ ಇಲ್ಲಿ ಪರದೆಯ ಕೆಲಸ ಮಾಡಿತು. 2020ರಲ್ಲಿ ಅಮೆರಿಕದ ಬಾಹ್ಯಾಕಾಶ ಪಡೆ ‘ಸೆಂಪರ್ ಸುಪ್ರಾ’, ಎಂದೆಂದೂ ಮೇಲೆ, ಎಂಬುದನ್ನು ಆರಿಸಿಕೊಂಡಿತು. ಅದರ ಬೆನ್ನಿಗೆ ಜಿಬ್ರಾಲ್ಟರಿನಂಥ ಒಂದು ಹೆಸರೂ ಇಲ್ಲ.

ಕಾವ್ಯದಿಂದ ಕಿತ್ತು ತಂದ ವಾಕ್ಯಗಳದ್ದು ಬೇರೆ ತೊಡಕು. ಕೆನಡಾದ ವಾಯುಪಡೆಯ ‘ಸಿಕ್ ಈಟುರ್ ಆಡ್ ಆಸ್ಟ್ರಾ’, ನಕ್ಷತ್ರಗಳಿಗೆ ಹೋಗುವ ದಾರಿ ಇದು ಎಂಬರ್ಥದ ಮಾತು, ವರ್ಜಿಲನ ಮಹಾಕಾವ್ಯದ ಒಂಬತ್ತನೆಯ ಸರ್ಗದ್ದು. ಬಾಲಕ ಅಸ್ಕಾನಿಯಸ್ ಕದನದಲ್ಲಿ ಮೊದಲ ಬಾರಿ ಒಬ್ಬನನ್ನು ಕೊಂದಾಗ ಅಪೊಲೊ ದೇವ ಮೋಡದ ಮೇಲಿಂದ ಮೆಚ್ಚಿ ನುಡಿಯುತ್ತಾನೆ. ಬಿಲ್ಲೆಯಲ್ಲಿ ಬಂದದ್ದು ಅಷ್ಟು. ಕಾವ್ಯದಲ್ಲಿ ಅದೇ ಅಪೊಲೊ ಒಡನೆ ಕೆಳಗಿಳಿದು ಬಂದು, ಇಷ್ಟು ಸಾಕು, ಇನ್ನು ಯುದ್ಧದಿಂದ ದೂರವಿರು ಎಂದು ಹುಡುಗನಿಗೆ ಹೇಳುತ್ತಾನೆ. ನಮ್ಮ ವಾಯುಪಡೆಯ ‘ನಭಃಸ್ಪೃಶಂ ದೀಪ್ತಮ್’ ಕೂಡ ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಜುನ ವಿಶ್ವರೂಪ ಕಂಡು ಎದೆ ನಡುಗಿ, ಧೈರ್ಯ ಕಾಣದೆ ಆಡುವ ಮಾತಿನ ನಡುವಿನದು. ಎರಡೂ ಕಡೆ ಲಾಂಛನ ತೆಗೆದುಕೊಂಡದ್ದು ತೇಜಸ್ಸನ್ನು, ಬಿಟ್ಟದ್ದು ಭಯವನ್ನೂ ಎಚ್ಚರಿಕೆಯನ್ನೂ. ಪೂರ್ತಿ ಸಂದರ್ಭವನ್ನು ಕೆಡೆಟ್‌ಗಳಿಗೆ ಓದಿಸಿದರೆ ಈ ವಾಕ್ಯಗಳ ತೂಕ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಹೊರೇಸ್ ಕವಿಯ ಸಾಲೊಂದು, ತಾಯ್ನಾಡಿಗಾಗಿ ಸಾಯುವುದು ಸಿಹಿ, ಘನತೆಯದು ಎಂಬುದು, ಸ್ಯಾಂಡ್‌ಹರ್ಸ್ಟ್ ಸೈನಿಕ ಅಕಾಡೆಮಿಯ ಚಾಪೆಲ್ಲಿನ ಗೋಡೆಯೇರಿತು. ಆ ಹೊರೇಸ್ ಸ್ವತಃ ಕ್ರಿ.ಪೂ. 42ರ ಫಿಲಿಪ್ಪಿ ಕದನದಲ್ಲಿ ಸೋತ ಪಕ್ಷದಲ್ಲಿದ್ದ. ಗುರಾಣಿ ಬಿಟ್ಟು ಓಡಿದೆನೆಂದು ಇನ್ನೊಂದು ಕವಿತೆಯಲ್ಲಿ ತಾನೇ ಹೇಳಿಕೊಂಡಿದ್ದಾನೆ. ಅದೇ ಸಾಲಿನ ಮೊದಲ ಪದಗಳನ್ನೇ ಶೀರ್ಷಿಕೆ ಮಾಡಿಕೊಂಡು ವಿಲ್ಫ್ರೆಡ್ ಓವನ್ 1917ರಲ್ಲಿ ವಿಷಾನಿಲಕ್ಕೆ ಸಿಕ್ಕ ಸೈನಿಕನ ಸಾವನ್ನು ಬರೆದು, ಗೋಡೆಯ ಮೇಲಿನ ಮಾತನ್ನು ಸುಳ್ಳೆಂದು ಕರೆದ. ಕದನವಿರಾಮಕ್ಕೆ ಒಂದು ವಾರ ಮುಂಚೆ, 1918ರ ನವೆಂಬರ್ 4ರಂದು, ಅವನೂ ಕದನದಲ್ಲಿ ಸತ್ತ.

ಒಂದೇ ವಾಕ್ಯ ಎಷ್ಟು ಕೈ ಬದಲಾಯಿಸಬಹುದೆಂಬುದಕ್ಕೆ ‘ಸಿಕ್ ಸೆಂಪರ್ ಟಿರಾನ್ನಿಸ್’ ಸಾಕು: ದಬ್ಬಾಳಿಕೆಯವರಿಗೆ ಎಂದೂ ಇದೇ ಗತಿ. 1776ರಲ್ಲಿ ವರ್ಜೀನಿಯಾ ಅದನ್ನು ತನ್ನ ಮುದ್ರೆಯ ಮೇಲೆ ಹಾಕಿಕೊಂಡಿತು. ಆ ರಾಜ್ಯದಲ್ಲಿ ಲಕ್ಷಾಂತರ ಜನ ಗುಲಾಮರಾಗಿದ್ದರು. ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪಕ್ಷದ ವರ್ಜೀನಿಯಾ ಪಡೆಗಳು ಆ ಮಾತಿದ್ದ ಬಾವುಟ ಹಿಡಿದವು. ಎದುರು ಪಕ್ಷದ ಕಪ್ಪು ಸೈನಿಕರ 22ನೇ ರೆಜಿಮೆಂಟಿಗೆ ಕಪ್ಪು ಕಲಾವಿದ ಡೇವಿಡ್ ಬಸ್ಟಿಲ್ ಬೌಸರ್ ಚಿತ್ರಿಸಿದ ಬಾವುಟದಲ್ಲೂ ಅದೇ ಮಾತಿತ್ತು. ಕೆಳಗೆ ಕಪ್ಪು ಸೈನಿಕನೊಬ್ಬ ಶತ್ರುವನ್ನು ಬಯೊನೆಟ್‌ನಿಂದ ಇರಿಯುತ್ತಿದ್ದಾನೆ. 1864ರ ಜೂನ್‌ನಲ್ಲಿ ಆ ರೆಜಿಮೆಂಟು ವರ್ಜೀನಿಯಾದ ಪೀಟರ್ಸ್‌ಬರ್ಗ್‌ನಲ್ಲೇ ಹೋರಾಡಿತು. 1865ರ ಏಪ್ರಿಲ್ 14ರಂದು ಲಿಂಕನ್‌ಗೆ ಗುಂಡಿಟ್ಟ ಜಾನ್ ವಿಲ್ಕ್ಸ್ ಬೂತ್ ಕೂಗಿದ್ದೂ ಅದೇ ವಾಕ್ಯ. ಅವನ ಬೆನ್ನಟ್ಟಿದ ಪಡೆಗಳಲ್ಲಿ ಈ 22ನೇ ರೆಜಿಮೆಂಟೂ ಇತ್ತು. ಅದೇ ಮೂರು ಪದಗಳನ್ನು ಕೊಲೆಗಾರನೂ ಅವನನ್ನು ಹುಡುಕಿ ಹೊರಟವರೂ ಹೊತ್ತಿದ್ದರು. ಅವನ್ನು ಗಳಿಸಿಕೊಂಡವರು ಯಾರೆಂಬುದರಲ್ಲಿ ನನಗೆ ಸಂಶಯವಿಲ್ಲ.

ಸ್ವಾತಂತ್ರ್ಯಾನಂತರದ ಭಾರತೀಯ ಸೇನೆ ಲ್ಯಾಟಿನ್ನಿನ ಚೌಕಟ್ಟನ್ನು ಬಿಡದೆ ನುಡಿಯನ್ನು ಬದಲಿಸಿತು. ಬ್ರಿಟಿಷ್ ಸಿಗ್ನಲ್ಸ್ ದಳದ ‘ಸರ್ಟಾ ಸಿಟೊ’, ನಿಖರ ಮತ್ತು ಕ್ಷಿಪ್ರ ಎಂಬುದಕ್ಕೆ ನಮ್ಮಲ್ಲಿ ‘ತೀವ್ರ ಚೌಕಸ್’ ಬಂತು. ಫಿರಂಗಿ ದಳದ್ದು ‘ಸರ್ವತ್ರ ಇಜ್ಜತ್ ಓ ಇಕ್ಬಾಲ್’, ಎಲ್ಲೆಡೆ ಗೌರವ ಮತ್ತು ಕೀರ್ತಿ; ಒಂದು ಪದ ಸಂಸ್ಕೃತ, ಉಳಿದವು ಉರ್ದು. ಇಷ್ಟು ಸಹಜವಾಗಿ ಎರಡು ಪರಂಪರೆಗಳು ಒಂದು ಬಿಲ್ಲೆಯಲ್ಲಿ ಕೂಡಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದಕ್ಕೆ ಮುಂಚೆ ಮೈಸೂರಿನ ಗಂಡಭೇರುಂಡವೂ ಒಂದು ವಿದೇಶಿ ಬಿಲ್ಲೆಯೇರಿತ್ತು: 1941ರಲ್ಲಿ ಬ್ರಿಟನ್ನಿನಲ್ಲಿ ಕಟ್ಟಿದ ಸ್ಪಿಟ್‌ಫೈರ್ ವಿಮಾನಗಳ 129ನೇ ‘ಮೈಸೂರು’ ಸ್ಕ್ವಾಡ್ರನ್ನಿನದು. ಅದರ ವಾಕ್ಯ ಮಾತ್ರ ಇಂಗ್ಲಿಷಿನಲ್ಲಿತ್ತು, ನ್ಯಾಯವನ್ನು ಕಾಯುತ್ತೇನೆ ಎಂಬರ್ಥದಲ್ಲಿ.

ಎಂಜಿನಿಯರ್ ದಳ ಉಳಿಸಿಕೊಂಡದ್ದು ‘ಸರ್ವತ್ರ’ ಒಂದನ್ನೇ, ಉಬೀಕ್ವೆಗೆ ಸರಿಸಮ. ಆ ದಳದ ಮೂರು ಗುಂಪುಗಳಲ್ಲಿ ಹಳೆಯದಾದ ಮದ್ರಾಸ್ ಸ್ಯಾಪರ್ಸ್‌ನ ಮೂಲ 1780ಕ್ಕೆ ಹೋಗುತ್ತದೆ. ನೆಲೆ ಬೆಂಗಳೂರಿನ ಹಲಸೂರು ಕೆರೆಯ ಬಳಿ. ಈ ಪದ ಅವರ ಟೋಪಿಗೆ ಬರುವ ಬಹಳ ಮುಂಚೆ, 1912ರಲ್ಲಿ, ಅದೇ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ ಬೆಂಗಳೂರಿನಲ್ಲಿ ಮುಳ್ಳುತಂತಿ ಬೇಲಿ ಸೀಳಲು ಮದ್ದು ತುಂಬಿದ ಕೊಳವೆಯೊಂದನ್ನು ಮಾಡಿದ. ಕೊಳವೆಗೆ ಕೊಳವೆ ಜೋಡಿಸಿ, ಸೈನಿಕ ಮರೆಯಲ್ಲೇ ಇದ್ದು ಅದನ್ನು ತಂತಿಯ ಕೆಳಗೆ ತಳ್ಳಬಹುದು. ಮೊದಲ ಮಹಾಯುದ್ಧದ ಕಂದಕಗಳಿಂದ 1944ರ ಜೂನ್ 6ರ ನಾರ್ಮಂಡಿ ಕಡಲತೀರದವರೆಗೆ ಅದು ಹೋಯಿತು. ಒಮಾಹಾ ತೀರದಲ್ಲಿ ಗುಂಡಿನ ಮಳೆಯಡಿ ಅಮೆರಿಕದ ಸೈನಿಕರು ಅದರಿಂದ ದಾರಿ ಬಿಡಿಸಿದರು. ಅವರು ಅದನ್ನು ಕರೆದದ್ದು ಬ್ಯಾಂಗಲೋರ್ ಟಾರ್ಪೆಡೊ ಎಂದು.